ಪ್ಲಗ್ ಹಾಕುವ ಮುನ್ನ ಒಂದು ಭಾಗಾಕಾರ

ಬಾಡಿಗೆ ಮನೆಯವರಿಗೆ, ಪಿ.ಜಿ. ನಡೆಸುವವರಿಗೆ, ಹೊಸದಾಗಿ ಇಂಡಕ್ಷನ್ ಸ್ಟೌ ಕೊಂಡವರಿಗೆ ನನ್ನದೊಂದು ಕೋರಿಕೆ. ಕಾಯಿಸುವ, ಬೇಯಿಸುವ ಯಾವ ಸಾಧನ ತಂದರೂ ಪ್ಲಗ್ ಹಾಕುವ ಮೊದಲು ತಿರುಗಿಸಿ ನೋಡಿ. ಎಷ್ಟು ವ್ಯಾಟ್ ಎಂದು ಅಲ್ಲೇ ಬರೆದಿರುತ್ತದೆ. ಅದನ್ನು ಮನೆಗೆ ಬರುವ 230 ವೋಲ್ಟಿನಿಂದ ಭಾಗಿಸಿ. ಸಿಕ್ಕ ಉತ್ತರವೇ ವೈರಿನಲ್ಲಿ ಹರಿಯಲಿರುವ ಕರೆಂಟು, ಆಂಪಿಯರ್ ಲೆಕ್ಕದಲ್ಲಿ.

2000 ವ್ಯಾಟಿನ ಗೀಸರಿಗೆ ಇದು 8.7 ಆಂಪಿಯರ್. ಗೋಡೆಯ ಸಣ್ಣ ಪಾಯಿಂಟು ತಡೆಯುವುದು 6, ದೊಡ್ಡದು 16. ಗೀಸರಿನ ದಪ್ಪ ಪಿನ್ನು ಸಣ್ಣ ತೂತಿಗೆ ಹೋಗದಿರುವುದು ಇದೇ ಕಾರಣಕ್ಕೆ. ನಾವೋ, ಅಂಗಡಿಯಿಂದ ಕನ್ವರ್ಟರ್ ತಂದು ಹೋಗುವಂತೆ ಮಾಡುತ್ತೇವೆ! ಎಕ್ಸ್‌ಟೆನ್ಶನ್ ಬೋರ್ಡಿನ ಕಥೆಯೂ ಇಷ್ಟೇ. ತೂತು ನಾಲ್ಕಿದ್ದರೂ ಒಳಗೆ ಬರುವ ವೈರು ಒಂದೇ. 1500 ವ್ಯಾಟಿನ ಕೆಟಲ್, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಆ ಒಂದು ವೈರಿನ ಮೇಲೆ ಸುಮಾರು 11 ಆಂಪಿಯರ್.

"ಎಂಸಿಬಿ ಇದೆಯಲ್ಲ, ಬೀಳುತ್ತೆ ಬಿಡಿ" ಎನ್ನುವವರು ಈ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಆ ಗೀಸರಿನ ರೋಧ ಸುಮಾರು 26.5 ಓಮ್. ಈಗ ಸಾಕೆಟ್ಟಿನ ಸ್ಕ್ರೂ ಸಡಿಲವಾಗಿ, ಆ ಜಾಗದಲ್ಲಿ ಅರ್ಧ ಓಮ್ ರೋಧ ಸೇರಿಕೊಂಡಿತೆನ್ನಿ. ಒಟ್ಟು 27 ಓಮ್, ಕರೆಂಟು 8.5 ಆಂಪಿಯರ್. ಮೊದಲಿಗಿಂತ ಕಡಿಮೆಯೇ! ಕರೆಂಟು ಮಿತಿ ಮೀರಿದಾಗ ಮಾತ್ರ ಬೀಳುವ ಎಂಸಿಬಿಗೆ ಇಲ್ಲಿ ಯಾವ ತಪ್ಪೂ ಕಾಣದು. ಆದರೆ ಶಾಖದ ಲೆಕ್ಕ ಬೇರೆ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಬೇಕು: 8.5 × 8.5 × 0.5, ಅಂದರೆ ಸುಮಾರು 36 ವ್ಯಾಟ್. ರಿಪೇರಿ ಅಂಗಡಿಯಲ್ಲಿ ಬೆಸುಗೆ ಕರಗಿಸುವ ಸೋಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕು. ಅದಕ್ಕಿಂತ ಹೆಚ್ಚಿನ ಶಾಖ ನಿಮ್ಮ ಬಚ್ಚಲುಮನೆಯ ಸ್ವಿಚ್ ಬೋರ್ಡಿನೊಳಗೆ, ಪ್ಲಾಸ್ಟಿಕ್ಕಿನ ಮಗ್ಗುಲಲ್ಲೇ, ದಿನವೂ ಹುಟ್ಟುತ್ತಿರುತ್ತದೆ. ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲಗ್ ಮುಟ್ಟಿದಾಗ ಬಿಸಿಯೆನಿಸಿದರೆ ಅಂದೇ ಬಳಕೆ ನಿಲ್ಲಿಸಿ. ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಹಳ್ಳಿಯವರು ಕೇಳಬಹುದು, ವೋಲ್ಟೇಜೇ 180 ಇದ್ದರೆ? ಗೀಸರಿನ ರೋಧ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಶಕ್ತಿ 1225 ವ್ಯಾಟಿಗೆ ಇಳಿದು ನೀರು ನಿಧಾನ ಕಾಯುತ್ತದೆ, ಅಷ್ಟೆ. ಪಂಪ್‌ಸೆಟ್ಟಿನ ಮೋಟಾರು ಹಾಗಲ್ಲ. ನೀರೆತ್ತುವ ಹೊರೆ ಕಡಿಮೆಯಾಗದ ಕಾರಣ ಅದು ಹೆಚ್ಚು ಕರೆಂಟು ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತದೆ.

ಎಲೆಕ್ಟ್ರಿಷಿಯನ್ ಮಿತ್ರರೇ, "ನಡೆಯುತ್ತೆ ಸಾರ್" ಎಂದು ತೆಳು ವೈರಿಗೆ ದೊಡ್ಡ ಸಾಕೆಟ್ಟು ಕೂರಿಸಿಕೊಡಬೇಡಿ. ಸಾಕೆಟ್ಟು ಬದಲಾದರೂ ಗೋಡೆಯೊಳಗಿನ ವೈರು ಹಳೆಯದೇ. ಮನೆ ಮಾಲೀಕರೇ, ಗೀಸರಿಗೆ ಪ್ರತ್ಯೇಕ ವೈರೆಳೆಸುವ ಖರ್ಚನ್ನು ಬಾಡಿಗೆದಾರರ ಮೇಲೆ ಹಾಕಿ ಕೂರಬೇಡಿ. ಪಿ.ಜಿ. ನಡೆಸುವವರು ಕೆಟಲ್ ಕೂಡದೆಂದು ಬೋರ್ಡು ತೂಗುಹಾಕಿದರೆ ಯಾರೂ ಕೇಳುವುದಿಲ್ಲ, ಕದ್ದು ತರುತ್ತಾರೆ. ಬದಲಿಗೆ ಮಹಡಿಗೊಂದು 16 ಆಂಪಿಯರಿನ ಪಾಯಿಂಟನ್ನು ಸರಿಯಾದ ವೈರಿನೊಂದಿಗೆ ಕೊಡಿ. ಕೋಣೆಯ ಸಣ್ಣ ಪಾಯಿಂಟುಗಳ ಪಕ್ಕದಲ್ಲಿ ಮಾರ್ಕರಿನಿಂದ ಬರೆದಿಡಿ: "1200 ವ್ಯಾಟ್ ಮೀರಬಾರದು". ಆರನ್ನು 230ರಿಂದ ಗುಣಿಸಿದರೆ 1380 ಬರುತ್ತದೆ. ಉಳಿದದ್ದು ಹಳೆಯ ಸಾಕೆಟ್ಟಿಗೆ ಬಿಟ್ಟ ರಿಯಾಯಿತಿ.