ಸೊಸೆಯ ಸರ್ಟಿಫಿಕೇಟಿಗೆ ಲೆಕ್ಕ ಹಾಕುವ ಮುನ್ನ

ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ಬಿಡಿಎಸ್ ಮುಗಿಸಿ, ಒಂದೆರಡು ವರ್ಷ ಕ್ಲಿನಿಕ್‌ನಲ್ಲಿ ಕೆಲಸ ಮಾಡಿ, ಮದುವೆಯಾಗಿ ಅಮೆರಿಕಕ್ಕೆ ಬಂದ ಹೆಣ್ಣುಮಗಳು ಇಲ್ಲಿ ಒಬ್ಬ ರೋಗಿಯ ಹಲ್ಲನ್ನೂ ಮುಟ್ಟುವಂತಿಲ್ಲ. ಪರವಾನಗಿ ಬೇಕೆಂದರೆ ಸಾಮಾನ್ಯವಾಗಿ ಇಲ್ಲಿನ ದಂತವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ಎರಡು–ಮೂರು ವರ್ಷ ಓದಬೇಕು. ಎಂಬಿಬಿಎಸ್ ಆದವರು ಯುಎಸ್‌ಎಂಎಲ್‌ಇ ಪಾಸಾಗಿ ರೆಸಿಡೆನ್ಸಿ ಸೀಟು ಹಿಡಿಯಬೇಕು. ನರ್ಸಿಂಗ್‌ನವರಿಗೆ ಎನ್‌ಕ್ಲೆಕ್ಸ್ ಪರೀಕ್ಷೆ. ಬಿಎಎಂಎಸ್ ಓದಿದವರಿಗಂತೂ ಆ ಪದವಿಯ ಮೇಲೆ ವೈದ್ಯರಾಗುವ ದಾರಿಯೇ ಇಲ್ಲ. ಗಂಡನ ಎಚ್‌–1ಬಿ ಜೊತೆಗೆ ಎಚ್‌–4 ವೀಸಾದ ಮೇಲೆ ಬಂದ ಇಂಥವರು ನ್ಯೂಜೆರ್ಸಿಯ ಪ್ರತಿ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲೂ ಸಿಗುತ್ತಾರೆ. ಊರಿನಲ್ಲಿ ಅಪ್ಪ ಕಟ್ಟಿದ ಫೀಸು, ಅಲ್ಲಿ ಪಟ್ಟ ಶ್ರಮ ಎಲ್ಲವೂ ಸೂಟ್‌ಕೇಸಿನ ತಳದಲ್ಲಿ ಅಂಕಪಟ್ಟಿಯಾಗಿ ಮಲಗಿರುತ್ತದೆ.

ಇವರಲ್ಲಿ ಹಲವರು ಈಚೆಗೆ ವಿಚಾರಿಸುತ್ತಿರುವುದು ‘ಕ್ಲಿನಿಕಲ್ ಅಂಡ್ ಟ್ರಾನ್ಸ್‌ಲೇಷನಲ್ ರಿಸರ್ಚ್’ ಎಂಬ ಆನ್‌ಲೈನ್ ಗ್ರ್ಯಾಜುಯೇಟ್ ಸರ್ಟಿಫಿಕೇಟ್ ಬಗ್ಗೆ. ನಾನು ಲೆಕ್ಕಪರಿಶೋಧಕ, ವೈದ್ಯನಲ್ಲ. ಆದರೆ ತೆರಿಗೆ ರಿಟರ್ನ್ ತುಂಬುವ ಕಾಲದಲ್ಲಿ ‘ಅಣ್ಣಾ, ಇದಕ್ಕೆ ದುಡ್ಡು ಹಾಕಬಹುದಾ?’ ಎಂಬ ಪ್ರಶ್ನೆ ನನ್ನ ಮೇಜಿಗೇ ಬರುತ್ತದೆ. ಅದೇ ಪ್ರಶ್ನೆ ವಾಟ್ಸ್‌ಆ್ಯಪ್ ಕರೆಯಲ್ಲಿ ಹಾಸನದ ಅತ್ತೆ–ಮಾವನ ಬಳಿಗೂ ಹೋಗಿರುತ್ತದೆ. ಅವರಿಗೆ ಇದು ಏನೆಂದೇ ಗೊತ್ತಿಲ್ಲದೆ ಹೂಂ ಎನ್ನುವುದೂ ಕಷ್ಟ, ಬೇಡ ಎನ್ನುವುದೂ ಕಷ್ಟ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಹೆಸರಿನಲ್ಲಿ ಟ್ರಾನ್ಸ್‌ಲೇಷನ್ ಇದೆ ಎಂದು ಸೊಸೆ ಭಾಷಾಂತರ ಕಲಿಯುತ್ತಿದ್ದಾಳೆ ಎಂದು ತಿಳಿದವರಿದ್ದಾರೆ. ಅದಲ್ಲ. ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ರೋಗಿಯ ಹಾಸಿಗೆಯವರೆಗೆ, ಅಲ್ಲಿಂದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ತಲುಪಿಸುವ ವಿದ್ಯೆ ಇದು. ನಮ್ಮೆಲ್ಲರ ಮನೆಯಲ್ಲೂ ಇರುವ ಓಆರ್‌ಎಸ್ ಪೊಟ್ಟಣವನ್ನೇ ನೋಡಿ. ಕರುಳಿನಲ್ಲಿ ಸಕ್ಕರೆ ಜೊತೆಗಿದ್ದರೆ ಉಪ್ಪಿನ ಅಂಶ ಸಲೀಸಾಗಿ ಒಳಗೆ ಹೋಗುತ್ತದೆ ಎಂಬ ತತ್ವವನ್ನು ರಾಬರ್ಟ್ ಕ್ರೇನ್ ಮಂಡಿಸಿದ್ದು 1960ರಲ್ಲಿ. ಅದು ಪ್ರಯೋಗಾಲಯದ ಮಾತು. ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ಕೊಟ್ಟರೆ ಬದುಕುತ್ತಾರೆಯೇ ಎಂದು ಢಾಕಾದಲ್ಲಿ ಪರೀಕ್ಷೆ ನಡೆದದ್ದು ಆ ದಶಕದ ಕೊನೆಯಲ್ಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಾಲನಬೀಸ್ ಉಪ್ಪು–ಸಕ್ಕರೆಯ ಪೊಟ್ಟಣ ಕಟ್ಟಿಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಒಂದು ತತ್ವ ಪೊಟ್ಟಣವಾಗಲು ಹನ್ನೊಂದು ವರ್ಷ ಬೇಕಾಯಿತು.

ಆ ದಾರಿ ಪೂರ್ತಿ ಸವೆಯದೆ ಉಳಿದ ಉದಾಹರಣೆಯೂ ನಮ್ಮಲ್ಲೇ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ. ವೈರಸ್ ಗೊತ್ತು, ಉಣ್ಣೆ ಗೊತ್ತು, ಊರೂ ಗೊತ್ತು. ಆದರೂ ಮಲೆನಾಡಿನವರಿಗೆ ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲ ಎಂದು ಕೆಲವು ವರ್ಷಗಳ ಹಿಂದೆ ಅದನ್ನು ನಿಲ್ಲಿಸಬೇಕಾಯಿತು. ಲಸಿಕೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಅಳೆಯುವ ಶಾಸ್ತ್ರವೇ ಈ ಕೋರ್ಸಿನ ಹೊಟ್ಟೆಯಲ್ಲಿರುವುದು.

ಅಮೆರಿಕದಲ್ಲಿ ಈ ಹೆಸರಿಗೆ ಬಲ ಬಂದದ್ದು ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, 2006ರಲ್ಲಿ ವಿಶ್ವವಿದ್ಯಾಲಯಗಳಿಗೆ ಇದಕ್ಕೆಂದೇ ಅನುದಾನ ಯೋಜನೆ ಆರಂಭಿಸಿದ ಮೇಲೆ. ಅನುದಾನ ಪಡೆದ ಕಡೆಗಳಲ್ಲಿ ಸಂಶೋಧಕರಿಗೆ ತರಬೇತಿ ಕೊಡುವ ಕೋರ್ಸುಗಳು ಬೆಳೆದವು. ಕೆಲವು ಆನ್‌ಲೈನಿಗೂ ಬಂದವು. ಇಲ್ಲಿ ಒಂದು ಸೂಕ್ಷ್ಮವಿದೆ: ಇವುಗಳಲ್ಲಿ ಹಲವು ರೂಪುಗೊಂಡದ್ದು ಈಗಾಗಲೇ ಆಸ್ಪತ್ರೆಯಲ್ಲಿರುವ ವೈದ್ಯರು, ಫೆಲೋಗಳು, ಸಂಶೋಧನಾ ಸಿಬ್ಬಂದಿಗಾಗಿ. ಹೊರಗಿನವರನ್ನು, ಅದರಲ್ಲೂ ಅಮೆರಿಕದ ಅನುಭವ ಇಲ್ಲದವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಇಮೇಲ್ ಮಾಡಿ ಕೇಳುವುದು ಒಳ್ಳೆಯದು. ಸಿಬ್ಬಂದಿ ಹುದ್ದೆಯನ್ನೇ ಗುರಿಯಾಗಿಸಿಕೊಂಡವರಿಗೆ ‘ಕ್ಲಿನಿಕಲ್ ರಿಸರ್ಚ್ ಮ್ಯಾನೇಜ್‌ಮೆಂಟ್’ ಹೆಸರಿನ ಕೋರ್ಸು ಹೆಚ್ಚು ಹೊಂದಬಹುದು.

ಸಾಮಾನ್ಯವಾಗಿ 12ರಿಂದ 18 ಕ್ರೆಡಿಟ್. ಸಂಶೋಧನೆಯ ವಿನ್ಯಾಸ, ಸಾಂಕ್ರಾಮಿಕ ರೋಗಶಾಸ್ತ್ರ, ಜೈವಿಕ ಸಂಖ್ಯಾಶಾಸ್ತ್ರ, ನೀತಿಸಂಹಿತೆ, ಕಾನೂನು, ದತ್ತಾಂಶ ನಿರ್ವಹಣೆ ಇವು ಪಾಠಗಳು. ಪಠ್ಯಕ್ರಮಗಳನ್ನು ಓದುತ್ತಿದ್ದಾಗ ನನಗೆ ಇದು ನಮ್ಮದೇ ವೃತ್ತಿಯ ಚಿಕ್ಕಪ್ಪನ ಮಗನಂತೆ ಕಂಡಿತು. ನಮಗೆ ವೋಚರ್ ಹೇಗೋ ಅವರಿಗೆ ಮೂಲ ದಾಖಲೆ ಹಾಗೆ. ಬರೆದಿಡದಿದ್ದರೆ ನಡೆದೇ ಇಲ್ಲ ಎಂಬುದು ಎರಡೂ ಕಡೆಯ ನಿಯಮ. ತಿದ್ದುವಾಗ ಹಳೆಯ ಅಂಕಿ ಕಾಣುವಂತೆ ಒಂದು ಗೀಟು ಹಾಕಿ, ಸಹಿ–ತಾರೀಖು ಹಾಕಬೇಕು. ವೈಟ್ನರ್ ಬಳಿದರೆ ಮುಗಿಯಿತು. ಪ್ರಯೋಗ ಶುರುವಾಗುವ ಮೊದಲೇ ಯಾವುದನ್ನು ಅಳೆಯುತ್ತೇವೆ ಎಂದು ಸಾರ್ವಜನಿಕ ನೋಂದಣಿ ಪುಸ್ತಕದಲ್ಲಿ ಬರೆಯಬೇಕು. ಭಾರತದಲ್ಲೂ 2007ರಲ್ಲಿ ಸಿಟಿಆರ್‌ಐ ಎಂಬ ನೋಂದಣಿ ಬಂದು, 2009ರ ಜೂನ್‌ನಿಂದ ಕಡ್ಡಾಯವಾಯಿತು. ಫಲಿತಾಂಶ ನೋಡಿಕೊಂಡು ಗುರಿ ಬದಲಿಸುವ ಚಾಳಿ ಲೆಕ್ಕಪತ್ರದಲ್ಲಿ ಮಾತ್ರ ಇದೆ ಎಂದುಕೊಂಡಿದ್ದವನು ನಾನು!

ಈ ಓದಿನ ಲಾಭ ಮನೆಗೂ ಸಿಗುತ್ತದೆ. ‘ಈ ಮಾತ್ರೆ ಹೃದಯಾಘಾತವನ್ನು ಶೇ 50 ತಗ್ಗಿಸುತ್ತದೆ’ ಎಂಬ ಫಾರ್ವರ್ಡ್ ಬಂದಾಗ, ನೂರರಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಇಳಿದರೂ ಅದು ಶೇ 50 ಎಂದೇ ಆಗುತ್ತದೆ ಎಂದು ಹೇಳಬಲ್ಲವರು ಕುಟುಂಬದಲ್ಲಿ ಒಬ್ಬರಿದ್ದರೆ ಒಳ್ಳೆಯದು.

ಇನ್ನು ಇದು ಏನಲ್ಲ ಎಂಬುದನ್ನು ಊರಿನವರು ಸ್ಪಷ್ಟವಾಗಿ ತಿಳಿಯಬೇಕು. ಇದು ಪದವಿಯಲ್ಲ. ಇದರಿಂದ ರೋಗಿಗೆ ಚಿಕಿತ್ಸೆ ಕೊಡುವ ಹಕ್ಕು ಬರುವುದಿಲ್ಲ. ‘ಸೊಸೆ ಮತ್ತೆ ಡಾಕ್ಟರ್ ಆಗುತ್ತಾಳಂತೆ’ ಎಂದು ಬೀಗರಿಗೆ ಹೇಳುವ ಹಾಗಿಲ್ಲ. ಪೂರ್ತಿ ಆನ್‌ಲೈನ್ ಕೋರ್ಸಿಗೆ ಎಫ್‌–1 ವಿದ್ಯಾರ್ಥಿ ವೀಸಾ ಸಿಗುವುದಿಲ್ಲ, ಓದಿದ ಮೇಲೆ ಕೆಲಸ ಮಾಡಲು ಬಿಡುವ ಒಪಿಟಿಯೂ ಇಲ್ಲ. ಬೆಂಗಳೂರಿನಲ್ಲಿ ಕುಳಿತು ಇದನ್ನು ಮಾಡಿ ಅಮೆರಿಕಕ್ಕೆ ಹಾರಬಹುದು ಎಂದು ಯಾವನಾದರೂ ಏಜೆಂಟ್ ಹೇಳಿದರೆ ಅವನ ಅಂಗಡಿಯಿಂದ ಎದ್ದು ಬನ್ನಿ. ಸರ್ಟಿಫಿಕೇಟ್ ಬೇರೆ, ಸರ್ಟಿಫಿಕೇಷನ್ ಬೇರೆ ಎಂಬುದೂ ನೆನಪಿರಲಿ. ಎಸಿಆರ್‌ಪಿ, ಸೊಕ್ರಾ ಎಂಬ ವೃತ್ತಿಸಂಸ್ಥೆಗಳು ಕೊಡುವ ಸರ್ಟಿಫಿಕೇಷನ್‌ಗೆ ಪರೀಕ್ಷೆಯ ಜೊತೆಗೆ ಕೆಲಸದ ಅನುಭವವೂ ಬೇಕು.

ಎಚ್‌–4ರಲ್ಲಿರುವವರು ಎಷ್ಟು ಬೇಕಾದರೂ ಓದಬಹುದು. ದುಡಿಯಲು ಮಾತ್ರ ಇಎಡಿ ಎಂಬ ಅನುಮತಿ ಬೇಕು. 2015ರ ನಿಯಮದಂತೆ ಅದು ಸಿಗುವುದು ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡ್ ಹಾದಿಯಲ್ಲಿ ಐ–140 ಅರ್ಜಿ ಮಂಜೂರಾಗಿದ್ದರೆ. 2025ರ ಅಕ್ಟೋಬರ್ ಕೊನೆಯಿಂದ, ನವೀಕರಣದ ಅರ್ಜಿ ಬಾಕಿ ಇರುವಾಗ ಇಎಡಿ ತಾನಾಗಿಯೇ ಮುಂದುವರಿಯುತ್ತಿದ್ದ ಸೌಲಭ್ಯವೂ ನಿಂತಿದೆ. ಸಂಬಳ ಬೇಡ, ಲ್ಯಾಬಿನಲ್ಲಿ ಸುಮ್ಮನೆ ಕೆಲಸ ಮಾಡುತ್ತೇನೆ ಎಂದರೂ ನಿಯಮಗಳು ಅಡ್ಡ ಬರಬಹುದು. ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು. ಇನ್ನೊಂದು ಕಹಿ ಸಂಗತಿ: 2025ರಲ್ಲಿ ಎನ್‌ಐಎಚ್‌ನ ನೂರಾರು ಅನುದಾನಗಳು ರದ್ದಾದವು. ವಿಶ್ವವಿದ್ಯಾಲಯಗಳ ಸಂಶೋಧನಾ ಹುದ್ದೆಗಳಿಗೆ ಅದರ ಬಿಸಿ ತಟ್ಟದೆ ಇರುವುದಿಲ್ಲ.

ದುಡ್ಡಿನ ಮಾತಿಗೆ ಬರೋಣ. ಶುಲ್ಕ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಅಜಗಜಾಂತರ. ಲೆಕ್ಕಕ್ಕೆಂದು 15 ಕ್ರೆಡಿಟ್, ಕ್ರೆಡಿಟ್ಟಿಗೆ 1,000 ಡಾಲರ್ ಎಂದುಕೊಂಡರೆ 15,000 ಡಾಲರ್. ರೂಪಾಯಿಯಲ್ಲಿ 12 ಲಕ್ಷ ದಾಟುತ್ತದೆ. ಈ ಹಣಕ್ಕೆ ಊರಿನ ಸೈಟು ಮಾರುವುದನ್ನು ಅಥವಾ ಜಮೀನಿನ ಮೇಲೆ ಸಾಲ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಡಾಲರ್ ಖರ್ಚನ್ನು ಡಾಲರ್ ಸಂಬಳದಿಂದಲೇ ಭರಿಸಬೇಕು, ಅದೂ ಒಂದು ಬಾರಿಗೆ ಒಂದು ಕೋರ್ಸಿನಂತೆ. ಊರಿನಿಂದ ಕಳಿಸಲೇಬೇಕಾದರೆ, ಒಂದು ಹಣಕಾಸು ವರ್ಷದಲ್ಲಿ ಒಬ್ಬರು ಕಳಿಸುವ ಮೊತ್ತ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. ಶಿಕ್ಷಣಕ್ಕೆ ಎಂದು ಕಳಿಸಿದರೆ ದರ ಕಡಿಮೆ, ಸಂಬಂಧಿಕರ ಖರ್ಚಿಗೆ ಎಂದು ಬರೆದರೆ ಶೇ 20. ಹಿಡಿದ ಹಣ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಅಪ್ಪನ ಕೈ ಖಾಲಿ.

ಇಲ್ಲಿನ ತೆರಿಗೆಯಲ್ಲಿ ‘ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್’ ಎಂಬ ರಿಯಾಯಿತಿ ಇದೆ. ವರ್ಷಕ್ಕೆ ಮೊದಲ 10,000 ಡಾಲರ್ ಶುಲ್ಕದ ಶೇ 20, ಅಂದರೆ ಗರಿಷ್ಠ 2,000 ಡಾಲರ್. 15,000ವನ್ನು ಒಂದೇ ವರ್ಷ ಕಟ್ಟಿದರೆ ಸಿಗುವುದು 2,000. ಎರಡು ಕ್ಯಾಲೆಂಡರ್ ವರ್ಷಕ್ಕೆ ಹಂಚಿದರೆ 3,000. ನಿಧಾನವಾಗಿ ಓದಿದ್ದಕ್ಕೆ ಸಾವಿರ ಡಾಲರ್ ಉಳಿತಾಯ! ದಂಪತಿಯ ಜಂಟಿ ಆದಾಯ 1,60,000 ಡಾಲರ್ ದಾಟಿದರೆ ಇದು ಕರಗತೊಡಗಿ 1,80,000ಕ್ಕೆ ಪೂರ್ತಿ ಮಾಯವಾಗುತ್ತದೆ. 2026ರ ತೆರಿಗೆ ವರ್ಷದಿಂದ ಸೋಷಿಯಲ್ ಸೆಕ್ಯುರಿಟಿ ನಂಬರಿನ ನಿಯಮವೂ ಬಿಗಿಯಾಗಿದೆ. ಮನೆಯಲ್ಲಿ ಒಬ್ಬರಿಗೆ ಐಟಿಐಎನ್ ಮಾತ್ರ ಇದ್ದರೆ ಈ ರಿಯಾಯಿತಿ ನಂಬಿ ಕೂರದೆ ಮೊದಲೇ ವಿಚಾರಿಸಿ. ಕೆಲಸದಲ್ಲಿರುವವರಿಗೆ ಕಂಪನಿ ಓದಿಗೆಂದು ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆಯಿಲ್ಲದೆ ಕೊಡಬಹುದು. ಆದರೆ ಅದು ಉದ್ಯೋಗಿಗೆ ಮಾತ್ರ. ಗಂಡನ ಕಂಪನಿ ಹೆಂಡತಿಯ ಓದಿಗೆ ಕೊಟ್ಟರೆ ಈ ವಿನಾಯಿತಿ ಅನ್ವಯಿಸದು.

ಹಣಕ್ಕಿಂತ ತುಟ್ಟಿಯಾದದ್ದು ಸಮಯ. ಮೂರು ಕ್ರೆಡಿಟ್‌ನ ಒಂದು ಕೋರ್ಸೆಂದರೆ ಹದಿನೈದು ವಾರ, ವಾರಕ್ಕೆ ಒಂಬತ್ತು ಗಂಟೆಯಷ್ಟು ದುಡಿಮೆ. ಎರಡು ವರ್ಷದ ಮಗುವಿರುವ ಮನೆಯಲ್ಲಿ ಆ ಒಂಬತ್ತು ಗಂಟೆ ಎಲ್ಲಿಂದ ಬರಬೇಕು? ಗಂಡ ಅಡುಗೆಮನೆಗೆ ಇಳಿಯದೆ ಬರುವುದಿಲ್ಲ. ಬಾಣಂತನಕ್ಕೋ ಮೊಮ್ಮಗುವಿನ ಜೊತೆಗೋ ಬರುವ ಹಿರಿಯರು, ‘ಕಂಪ್ಯೂಟರ್ ಮುಂದೆ ಕೂತೇ ಇರ್ತಾಳೆ’ ಎನ್ನುವ ಬದಲು ಸಂಜೆ ಮಗುವನ್ನು ಪಾರ್ಕಿಗೆ ಕರೆದೊಯ್ದರೆ ಅದು ಫೀಸಿಗಿಂತ ದೊಡ್ಡ ಸಹಾಯ.

ಹಾಗಾದರೆ ಮಾಡಬೇಕೋ ಬೇಡವೋ? ಇಎಡಿ ಕೈಯಲ್ಲಿರುವವರು, ಅಥವಾ ಒಂದೆರಡು ವರ್ಷದಲ್ಲಿ ಬರುವ ಭರವಸೆ ಇರುವವರು ಮಾಡಲಿ ಎಂಬುದು ನನ್ನ ಅಭಿಪ್ರಾಯ. ನ್ಯೂಜೆರ್ಸಿ ಔಷಧ ಕಂಪನಿಗಳ ತವರು. ಸಂಶೋಧನೆಯ ಭಾಷೆ ಬಲ್ಲ ದಂತವೈದ್ಯೆಗೂ ಬಲ್ಲದ ದಂತವೈದ್ಯೆಗೂ ಸಂದರ್ಶನದಲ್ಲಿ ವ್ಯತ್ಯಾಸವಿದೆ. ಊರಿಗೆ ಮರಳುವ ಯೋಚನೆ ಇರುವವರಿಗೂ ಇದು ವ್ಯರ್ಥವಲ್ಲ, ಬೆಂಗಳೂರಿನಲ್ಲೂ ಇದೇ ಭಾಷೆಯಲ್ಲಿ ಕೆಲಸ ನಡೆಯುತ್ತದೆ. ಫೀಸನ್ನು ಮಾತ್ರ ಖರ್ಚಿನ ಕಾಲಂನಲ್ಲಿ ಬರೆದು, ಓದಿದವಳು ಮನೆಯಲ್ಲಿ ಕಳೆದ ಐದಾರು ವರ್ಷವನ್ನು ಯಾವ ಕಾಲಂನಲ್ಲೂ ಬರೆಯದ ಕುಟುಂಬಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥ ಲೆಕ್ಕಕ್ಕೆ ನಾನಾದರೆ ಸಹಿ ಹಾಕುವುದಿಲ್ಲ.

ಇಎಡಿಯ ಸುಳಿವೇ ಇಲ್ಲದವರು ಮಾತ್ರ ಮೊದಲು ಪುಕ್ಕಟೆ ಸಿಗುವುದನ್ನು ಮುಗಿಸಲಿ. ಎನ್‌ಐಎಚ್‌ನ ಕ್ಲಿನಿಕಲ್ ಸೆಂಟರ್ 1995ರಿಂದ ಕ್ಲಿನಿಕಲ್ ಸಂಶೋಧನೆಯ ತತ್ವ ಮತ್ತು ಆಚರಣೆ ಕುರಿತು ಉಚಿತ ಕೋರ್ಸ್ ನಡೆಸುತ್ತಾ ಬಂದಿದೆ. ಚೆನ್ನೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯ ಪಾಠಗಳು ಎನ್‌ಪಿಟೆಲ್‌ನಲ್ಲಿ ಸಿಗುತ್ತವೆ. ನಮ್ಮ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು ಕಡ್ಡಾಯವಾಗಿ ಓದುವ ಸಂಶೋಧನಾ ಕೋರ್ಸ್ ರೂಪಿಸಿದ್ದೂ ಅದೇ ಸಂಸ್ಥೆ. ಸಂಖ್ಯಾಶಾಸ್ತ್ರದ ಪಾಠವನ್ನು ಮೂರು ವಾರ ಕೇಳಿದ ಮೇಲೂ ಆಸಕ್ತಿ ಉಳಿದಿದ್ದರೆ ಆಗ ದುಡ್ಡಿನ ಯೋಚನೆ.

ಸೇರುವುದೇ ಆದರೆ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಬೇಕಾದ ಮುಖ್ಯ ಮಾತು ಒಂದಿದೆ: ಈ ಕ್ರೆಡಿಟ್‌ಗಳು ನಿಮ್ಮದೇ ಮಾಸ್ಟರ್ಸ್ ಪದವಿಗೆ ಸೇರುತ್ತವೆಯೇ, ಎಷ್ಟು, ಎಷ್ಟು ವರ್ಷದೊಳಗೆ? ಉತ್ತರ ಲಿಖಿತವಾಗಿರಲಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಇಲ್ಲಿನ ಶಿಕ್ಷಣ ಇಲಾಖೆಯ ದತ್ತಾಂಶ ಪಟ್ಟಿಯಲ್ಲೇ ನೋಡಬಹುದು.

ಊರಿನವರಿಗೆ ಒಂದು ಕೆಲಸ ಇದ್ದೇ ಇದೆ. ಅರ್ಜಿಗೆ ಇಲ್ಲಿನ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಭಾರತದ ಪದವಿಯ ಮೌಲ್ಯಾಂಕನ ಕೇಳುತ್ತವೆ, ಅದಕ್ಕೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಬೇಕು. ಬಿಡಿಎಸ್, ಬಿಎಎಂಎಸ್, ನರ್ಸಿಂಗ್ ಓದಿದವರಲ್ಲಿ ಹೆಚ್ಚಿನವರ ದಾಖಲೆ ಇರುವುದು ಬೆಂಗಳೂರಿನ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಿದ್ದರೆ ಅಂಕಪಟ್ಟಿಯ ಹೆಸರಿಗೂ ಅದಕ್ಕೂ ತಾಳೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಗಸ್ಟ್‌ನ ತರಗತಿಗೆ ಸೇರುವವರ ತಂದೆಯೋ ಅಣ್ಣನೋ ಜನವರಿಯಲ್ಲೇ ಒಂದು ಸಲ ಕಾಲೇಜಿಗೆ ಹೋಗಿ, ಎಲ್ಲ ವರ್ಷದ ಅಂಕಪಟ್ಟಿಯ ಪ್ರತಿ ಮತ್ತು ಮದುವೆ ನೋಂದಣಿ ಪತ್ರ ಜೊತೆಗಿಟ್ಟುಕೊಂಡು ವಿಚಾರಿಸಿ ಬರಲಿ.