ನೆಲದ ಮೇಲಿನ ಹಕ್ಕಿಮರಿಯೂ ಮಕ್ಕಳ ದಯೆಯೂ

ಬೇಸಿಗೆಯ ರಜೆ ಮುಗಿದು ಶಾಲೆಗಳು ಮತ್ತೆ ತೆರೆಯುವ ದಿನಗಳೇ ಕಾಗೆ, ಗೊರವಂಕಗಳ ಮರಿಗಳು ಗೂಡು ಬಿಡುವ ದಿನಗಳೂ ಆಗಿವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಅನೇಕ ಶಾಲೆಗಳ ಅಂಗಳದಲ್ಲಿ ಬೇವಿನ ಮರವೊಂದಾದರೂ ಉಂಟು. ಮುಂಗಾರಿನ ಮೊದಲ ಗಾಳಿ ಬೀಸಿದ ಮರುದಿನ ಅದರ ಬುಡದಲ್ಲಿ ಮರಿಯೊಂದು ಬಾಯ್ದೆರೆದು ಕುಳಿತಿರುತ್ತದೆ. ಸುತ್ತಲೂ ಮಕ್ಕಳು ನೆರೆದಿರುತ್ತಾರೆ. ಒಬ್ಬನು ಬುತ್ತಿಯ ರೊಟ್ಟಿಯ ಚೂರನ್ನು ತರುತ್ತಾನೆ, ಇನ್ನೊಬ್ಬಳು ಬೊಗಸೆಯಲ್ಲಿ ನೀರು ತರುತ್ತಾಳೆ, ಮತ್ತೊಬ್ಬನು ಹಾಲಿಗಾಗಿ ಮನೆಗೆ ಓಡುತ್ತಾನೆ. ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ಆ ಮರಿ ಬದುಕಿರುವುದು ಅಪರೂಪ.

ದಾಸೋಹದ ಪರಿಸರದಲ್ಲಿ ಬೆಳೆದ ಮಗುವಿಗೆ ಹಸಿದ ಬಾಯಿಯನ್ನು ಕಂಡೊಡನೆ ಅನ್ನವನ್ನು ನೀಡಬೇಕೆನ್ನಿಸುವುದು ಸಹಜ. ಅದು ಹೆಮ್ಮೆಪಡಬೇಕಾದ ಸಂಸ್ಕಾರವೇ ಸರಿ. ಆದರೆ ಇಲ್ಲಿ ಆ ಉಣಿಸುವ ಕೈಯೇ ಮರಿಗೆ ಮುಳುವಾಗುತ್ತದೆ. ಹಕ್ಕಿಯ ಉಸಿರಿನ ದ್ವಾರವು ನಾಲಗೆಯ ಬುಡದಲ್ಲಿಯೇ ತೆರೆದಿರುವುದರಿಂದ ಬಾಯಿಗೆ ಸುರಿದ ನೀರು ನೇರವಾಗಿ ಶ್ವಾಸನಾಳಕ್ಕೆ ಇಳಿಯಬಹುದು. ಹಾಲು ಹಕ್ಕಿಗಳಿಗೆ ಜೀರ್ಣವಾಗುವ ವಸ್ತುವಲ್ಲ. ಕಾಳು ತಿನ್ನುವ ಗುಬ್ಬಿ ಕೂಡ ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುಗಳನ್ನೇ ಉಣಿಸುತ್ತದೆ. ಅದೂ ಗಂಟೆಗೆ ಹಲವು ಬಾರಿ. ಯಾವ ವಿದ್ಯಾರ್ಥಿಯೂ ಎಷ್ಟೇ ಪ್ರೀತಿಯಿದ್ದರೂ ಆ ತಾಯ್ತಂದೆಗಳ ಸ್ಥಾನವನ್ನು ತುಂಬಲಾರನು.

ಮೈತುಂಬ ಗರಿ ಮೂಡಿ, ಬಾಲ ಮಾತ್ರ ಮೋಟಾಗಿದ್ದು, ಕುಪ್ಪಳಿಸಬಲ್ಲ ಮರಿಯು ನಿಜವಾಗಿ ಬಿದ್ದದ್ದೇ ಅಲ್ಲ. ಅದು ಹಾರಲು ಕಲಿಯುತ್ತಿದೆ. ತಾಯಿ ಸಮೀಪದ ಕೊಂಬೆಯಲ್ಲಿ ಹುಳುವನ್ನು ಕಚ್ಚಿಕೊಂಡು, ಮಕ್ಕಳು ಎಂದು ಸರಿದಾರೋ ಎಂದು ಕಾದಿರುತ್ತದೆ. ತಲೆಗೆ ಕುಕ್ಕಲು ಬರುವ ಕಾಗೆಗೆ ಕಲ್ಲೆಸೆಯುವ ಹುಡುಗರು ಮರಿಯ ರಕ್ಷಕರನ್ನೇ ಓಡಿಸುತ್ತಿರುತ್ತಾರೆ. ಬೆಕ್ಕು ನಾಯಿಗಳ ಭಯವಿದ್ದರೆ ಅಂತಹ ಮರಿಯನ್ನು ಪಕ್ಕದ ಪೊದೆಯ ಮೇಲೋ ತಗ್ಗಿನ ಕೊಂಬೆಯ ಮೇಲೋ ಇರಿಸಿ, ಒಂದೆರಡು ಗಂಟೆ ದೂರ ನಿಂತು ನೋಡಿದರೆ ಸಾಕು. ಗರಿ ಮೂಡದ, ಕಣ್ಣು ತೆರೆಯದ ಮರಿಯ ಮಾತು ಬೇರೆ. ಅದನ್ನು ಕೂಡಲೇ ಗೂಡಿಗೆ ಮರಳಿಸಬೇಕು. ಗೂಡು ಕೈಗೆಟುಕದಿದ್ದರೆ ನೀರು ನಿಲ್ಲದಂತಹ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಮರಕ್ಕೆ ನೆರಳಿನಲ್ಲಿ ಕಟ್ಟಬೇಕು. ರೆಕ್ಕೆ ಮುರಿದ ಅಥವಾ ಬೆಕ್ಕು ಕಚ್ಚಿದ ಮರಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ಏನನ್ನೂ ಉಣಿಸದೆ, ಪಶುವೈದ್ಯರಲ್ಲಿಗೋ ಅರಣ್ಯ ಇಲಾಖೆಯವರಲ್ಲಿಗೋ ಒಯ್ಯಬೇಕು.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಒಲ್ಲದೆಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ವಿದ್ಯಾವಂತರೂ ಇದನ್ನು ಹೇಳುವುದು ಆಶ್ಚರ್ಯವೇ. ಹಕ್ಕಿಗಳು ವಾಸನೆಯಿಂದ ಮರಿಯನ್ನು ತೊರೆಯುವುದಿಲ್ಲ. ಕೋಗಿಲೆಯ ಮರಿಯನ್ನೇ ತನ್ನದೆಂದು ಸಾಕುವ ಕಾಗೆಯು, ಹುಡುಗನ ಕೈ ಸೋಕಿತೆಂದು ಸ್ವಂತ ಕೂಸನ್ನು ಬಿಟ್ಟೀತೇ? ಈ ನಂಬಿಕೆಯಿಂದಾಗಿ ಗೂಡು ಸೇರಬಹುದಾಗಿದ್ದ ಮರಿಗಳು ನೆಲದಲ್ಲಿಯೇ ಸಾಯುತ್ತವೆ, ಇಲ್ಲವೆ ಮನೆ ಸೇರುತ್ತವೆ. ಹಾಗೆ ಮನೆ ಸೇರಿದ ಗಿಳಿಯ ಮರಿ ಪಂಜರಕ್ಕೆ ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧವೆಂಬುದನ್ನು ಸಾಕುವವರೂ ಅರಿಯರು, ನೋಡಿ ಮೆಚ್ಚುವವರೂ ಅರಿಯರು.

ಮರಿಗಳನ್ನು ಎತ್ತಿ ಸಾಕಿದ ಉದಾಹರಣೆಯೂ ಈ ನಾಡಿನಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಷ್ಟೆತ್ತರದಿಂದ ಬಿದ್ದ ಮರಿಗಳನ್ನು ಅಲ್ಲಿಯ ಜನ ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ಹಾರುವ ಶಕ್ತಿ ಬಂದಾಗ ಬಿಟ್ಟಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಲ್ಲಿ ಇಡೀ ಊರಿಗೆ ತಿಳಿವಳಿಕೆಯಿತ್ತು, ನಿಸರ್ಗಪ್ರಿಯರ ಹಾಗೂ ಅರಣ್ಯ ಇಲಾಖೆಯ ನೆರವಿತ್ತು. ಒಬ್ಬ ಬಾಲಕನ ಬುತ್ತಿಯ ಗಂಟಿನೊಡನೆ ಅದನ್ನು ಹೋಲಿಸಲಾಗದು.

ಶಾಲೆಗಳಿಗೆ ಕಟ್ಟಡವನ್ನು ದಾನ ಮಾಡುವ ಮಹನೀಯರಿಗೂ ಈ ವಿಷಯದಲ್ಲಿ ಪಾತ್ರವುಂಟು. ಹಳೆಯ ಹಂಚಿನ ಶಾಲೆಗಳ ಜಂತಿಗಳ ಸಂದಿನಲ್ಲಿ, ಗೋಡೆಯ ಗೂಡುಗಳಲ್ಲಿ ಗುಬ್ಬಿಗೆ ಭದ್ರವಾದ ನೆಲೆಯಿತ್ತು. ನುಣ್ಣನೆಯ ಸಿಮೆಂಟಿನ ಕಟ್ಟಡಗಳಲ್ಲಿ ಅದು ಪಂಖದ ಮೇಲ್ಬಟ್ಟಲಿನಲ್ಲಿ, ದೀಪದ ಹಿಂದೆ ಹುಲ್ಲು ತುರುಕುತ್ತದೆ. ಅಲ್ಲಿಂದ ಮರಿ ಬೀಳದೆ ಇನ್ನೇನು? ಹೊಸ ಕೊಠಡಿಯ ಸೂರಿನಡಿ ಅಂಗೈಯಗಲದ ನಾಲ್ಕು ಗೂಡುಗಳನ್ನು ಬಿಡಿಸಲು ಗವಂಡಿಗೆ ಅರ್ಧ ದಿನದ ಕೆಲಸ. ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸಲು ಅದಕ್ಕಿಂತ ಹೆಚ್ಚು ಸಮಯ ಬೇಕು.

ಇನ್ನು ಗುರುಗಳ ಕೆಲಸ. ಮರಿ ಸಿಕ್ಕಿದ ದಿನ ಮಕ್ಕಳನ್ನು ಗದರಿಸಿ ಒಳಗೆ ಕಳಿಸದೆ, ಪಡಸಾಲೆಯ ಕಂಬದ ಮರೆಯಲ್ಲಿ ಕುಳ್ಳಿರಿಸಿ, ತಾಯಿ ಎಷ್ಟು ಸಲ ಬಂದಿತು, ಬಾಯಲ್ಲಿ ಏನು ತಂದಿತು ಎಂದು ಎಣಿಸಿ ಬರೆಯಹೇಳಬಹುದು. ಆ ಒಂದು ತಾಸು ಗಣಿತದ ಪಾಠ ನಿಂತರೂ ಚಿಂತೆಯಿಲ್ಲ.