ಸೊಂಟನೋವಿಗೆ ಹಾಸಿಗೆಯೇ ಮದ್ದಲ್ಲ



ಎತ್ತಿನ ಹೆಗಲು ಬಾತರೆ ನಾವು ಅದಕ್ಕೆ ನೊಗ ಹೂಡುವುದಿಲ್ಲ. ವಾಸಿಯಾದ ಮೇಲೂ ಮೊದಲು ಹಗುರವಾದ ಕೆಲಸಕ್ಕೆ ಹೂಡಿ, ಅನಂತರ ನೇಗಿಲಿಗೆ ಕಟ್ಟುತ್ತೇವೆ. ಆದರೆ ನಮ್ಮದೇ ಸೊಂಟ ನೋಯುವಾಗ ಈ ವಿವೇಕ ಮರೆತುಹೋಗುತ್ತದೆ. ಕೆಲವರು ತಿಂಗಳುಗಟ್ಟಲೆ ಮಲಗುತ್ತಾರೆ. ಕೆಲವರು ನೋವು ತುಸು ತಗ್ಗಿದೊಡನೆ ಮೂಟೆಗೆ ಬೆನ್ನು ಕೊಡುತ್ತಾರೆ. ಎರಡೂ ತಪ್ಪೆಂಬುದು ನನ್ನ ಅಭಿಪ್ರಾಯ.

ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲದ ಸೊಂಟನೋವು ಎನ್ನುತ್ತಾರೆ. ಬಹುಕಾಲ ಮಲಗಿದರೆ ಬೆನ್ನಿನ ಸ್ನಾಯುಗಳು ಬಲಗುಂದುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಇಂತಹ ನೋವಿಗೆ ವ್ಯಾಯಾಮವನ್ನು ಶಿಫಾರಸು ಮಾಡಿದೆ. ಸೊಂಟಪಟ್ಟಿಯನ್ನು ವಾಡಿಕೆಯಾಗಿ ಬಳಸಬಾರದೆಂದಿದೆ. ಆದರೆ ಕಾಲು ಜೋಮು ಹಿಡಿದರೆ, ಬಲ ತಪ್ಪಿದರೆ, ಮೂತ್ರದ ಹಿಡಿತ ಹೋದರೆ, ಜ್ವರವಿದ್ದರೆ ಅಥವಾ ಬಿದ್ದು ನೋವು ಬಂದಿದ್ದರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಉಳಿದವರು ವೈದ್ಯರ ಸಲಹೆ ಪಡೆದು ಹಂತಹಂತವಾಗಿ ಕೆಲಸಕ್ಕೆ ಮರಳಬೇಕು. ಮೊದಲು ಹೊಲದವರೆಗೆ ನಡೆದು ಬನ್ನಿ, ನೀರು ಕಟ್ಟುವುದನ್ನು ನೋಡಿಕೊಳ್ಳಿ. ಬಳಿಕ ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸುತ್ತಾ ದುಡಿಯಿರಿ. ಬೆನ್ನಿಗೆ ಹಾಕುವ 16 ಲೀಟರಿನ ಸಿಂಪರಣಾ ಯಂತ್ರ ತುಂಬಿದರೆ ನೀರಿನ ಭಾರವೇ 16 ಕಿಲೋ. ಆರಂಭದಲ್ಲಿ ಅರ್ಧ ಮಾತ್ರ ತುಂಬಿರಿ. ದುಡಿಯುವಾಗ ತುಸು ನೋವಾದರೆ ಹೆದರಬೇಕಿಲ್ಲ. ಮರುದಿನವೂ ಹೆಚ್ಚಿದ ನೋವು ಇಳಿಯದಿದ್ದರೆ ಒಂದು ಹಂತ ಹಿಂದೆ ಬನ್ನಿ.

ದೇಹ ಮಾತ್ರ ಬದಲಾದರೆ ಸಾಲದು, ಕೆಲಸದ ರೀತಿಯೂ ಬದಲಾಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಿಡ್ಡ ಹಿಡಿಯ ಗುದ್ದಲಿಯಿಂದ ಕೂಲಿಗಳ ಬೆನ್ನು ಹಾಳಾಗುತ್ತದೆಂದು 1975ರಲ್ಲಿ ಅದನ್ನು ನಿಷೇಧಿಸಲಾಯಿತು. ನಾವು ಕಾನೂನಿಗಾಗಿ ಕಾಯಬೇಕಿಲ್ಲ. ಭತ್ತವನ್ನು ಸಾಲಿನಲ್ಲಿ ನಾಟಿ ಮಾಡಿದರೆ ಉದ್ದ ಹಿಡಿಯ ಕಳೆಯಂತ್ರವನ್ನು ನಿಂತೇ ತಳ್ಳಬಹುದು. ಯೂರಿಯಾ ಚೀಲ 2018ರಲ್ಲಿ 50 ಕಿಲೋದಿಂದ 45 ಕಿಲೋಗೆ ಇಳಿದಿದೆ. ಆದರೂ ಒಬ್ಬರೇ ಎತ್ತಬೇಡಿ, ಇಬ್ಬರು ಹಿಡಿಯಿರಿ.

ಇನ್ನೊಂದು ಮಾತು. ಗಂಡಸರ ನೋವಿಗೆ ಜಗಲಿಯ ಮೇಲಾದರೂ ವಿಶ್ರಾಂತಿ ಉಂಟು. ದಿನವಿಡೀ ಬಗ್ಗಿ ನಾಟಿ ಹಾಕುವ, ಕಳೆ ಕೀಳುವ ಹೆಂಗಸರು ಸಂಜೆ ಅದೇ ಸೊಂಟದಲ್ಲಿ ನೀರಿನ ಕೊಡ ಹೊರುತ್ತಾರೆ. ಕಳೆಯಂತ್ರ ಕೊಳ್ಳುವಾಗ ಅದರ ಹಿಡಿ ಅವರ ಎತ್ತರಕ್ಕೂ ಹೊಂದುವುದೇ ಎಂದು ಅವರನ್ನೇ ಕೇಳಿರಿ.

ಎತ್ತಿಗೆ ತೋರುವ ಕರುಣೆಯನ್ನು ಮನೆಯವರಿಗೂ ನಿಮಗೂ ತೋರಿಕೊಳ್ಳಿ. ಬೆನ್ನು ಉಳಿದರೆ ಬೇಸಾಯ ಉಳಿದೀತು.